ಸೂಜಿ ಆಗಿಬರದವಳು

ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ನಾನು ಸತ್ತು ಬದುಕಿದ ಕಥೆ ನಮ್ಮ ಬಳಗದಲ್ಲಿ ಯಾರಿಗೆ ಗೊತ್ತಿಲ್ಲ ಹೇಳಿ. ಯಾದಗಿರಿಯಿಂದ ಹೈದರಾಬಾದಿನವರೆಗೆ ಯಾವ ಮದುವೆಗೆ ಹೋಗಲಿ, ಯಾವ ಬಸುರಿಯ ಕುಬಸಕ್ಕೆ ಹೋಗಲಿ, ಒಬ್ಬರಾದರೂ ದವಡೆ ಹಿಡಿದುಕೊಂಡು ಕೂತಿದ್ದರೆ ಸಾಕು, ನಮ್ಮ ಅತ್ತೆ ಶುರು ಮಾಡಿಬಿಡುತ್ತಿದ್ದರು.

"ನಮ್ಮ ಮಹಾದೇವಿಗೆ ಏನಾಗಿತ್ತು ಗೊತ್ತೈತೇನು? ಸೂಜಿ ಚುಚ್ಚಿದ್ದ ತಡ, ಕಣ್ಣು ಮ್ಯಾಲ ಹೋದವು. ಮೈಯೆಲ್ಲ ಥಣ್ಣಗ. ನಾ ಗಲ್ಲಕ್ಕ ಬಡದು ಬಡದು ಎಬ್ಬಿಸಿದೆ. ಆಕಿಗೆ ಸೂಜಿ ಆಗಿಬರಂಗಿಲ್ರಿ."

ಕೇಳಿದವರು ಲೊಚಗುಟ್ಟಿ ನನ್ನ ಮುಖ ನೋಡುವರು. ನಾನೂ ಹೌದೆಂದು ತಲೆಯಾಡಿಸುತ್ತಿದ್ದೆ. ಹೇಳುತ್ತ ಹೇಳುತ್ತ ಕಥೆಗೆ ಮೈ ಬಂದಿತ್ತು. ಮೊದಮೊದಲು ಕಣ್ಣು ಕತ್ತಲೆ ಬಂದಿತ್ತು ಎಂದಿದ್ದದ್ದು, ಆಮೇಲಾಮೇಲೆ ನಾಡಿಯೇ ನಿಂತಿತ್ತು ಎಂಬಲ್ಲಿಗೆ ತಲುಪಿತ್ತು. ನಾನೂ ಅದನ್ನು ನಂಬಿಬಿಟ್ಟಿದ್ದೆ. ಆ ನಂಬಿಕೆಗೆ ನಾನು ತೆತ್ತದ್ದು ಹನ್ನೊಂದು ವರ್ಷ ಮತ್ತು ಬಲಗಡೆಯ ಎರಡು ದವಡೆಹಲ್ಲು. ನನ್ನಂತೆ ಹಲ್ಲು ಕಚ್ಚಿಕೊಂಡು ದಿನ ದೂಡುವವರು ಇನ್ನೂ ಇದ್ದಾರೆಂದು ಗೊತ್ತು, ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾಂಪಲ್ಲಿ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ನಮ್ಮದೊಂದು ಖಾನಾವಳಿ. ಮಾವನವರು ಶುರು ಮಾಡಿದ್ದು. ಅತ್ತೆ ಮೂವತ್ತು ವರ್ಷ ಹಂಚಿನ ಮುಂದೆ ಕೂತರು, ಆಮೇಲೆ ಆ ಜಾಗ ನನ್ನದಾಯಿತು. ನನ್ನ ಗಂಡ ಶರಣಪ್ಪ ಗಲ್ಲಾದ ಮೇಲೆ ಕೂತು ಗಿರಾಕಿಗಳೊಡನೆ ತೆಲುಗು, ಹಿಂದಿ, ಕನ್ನಡ ಮೂರರಲ್ಲೂ ಹರಟುತ್ತಾನೆ. ಸುತ್ತಲಿನ ಸರಕಾರಿ ಕಚೇರಿಗಳ ನಮ್ಮ ಕಡೆಯ ನೌಕರರು, ರೈಲಿಳಿದು ಬರುವವರು, ಕಟ್ಟಡದ ಕೆಲಸಕ್ಕೆ ಬಂದ ರಾಯಚೂರು, ಯಾದಗಿರಿ ಕಡೆಯ ಜನ, ಎಲ್ಲ ಸೇರಿ ಮಧ್ಯಾಹ್ನಕ್ಕೆ ನೂರೈವತ್ತು ರೊಟ್ಟಿಯಾದರೂ ಬೇಕು. ಬಿಸಿ ರೊಟ್ಟಿ ತಟ್ಟೆಗೆ, ಕಡಕ್ ರೊಟ್ಟಿ ಪಾರ್ಸಲ್ಲಿಗೆ. ನನ್ನ ಕಡಕ್ ರೊಟ್ಟಿಯನ್ನು ಹಪ್ಪಳದಂತೆ ಮುರಿಯಬಹುದು ಎಂದು ಜನ ಹೊಗಳುತ್ತಾರೆ. ಅದನ್ನು ಮಾಡುವವಳು ಅದರ ಒಂದು ಚೂರನ್ನೂ ಕಡಿಯಲಾರಳು ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಗಿರಾಕಿಗಳೆಲ್ಲ ಎದ್ದ ಮೇಲೆ, ಮೂರೂವರೆಯ ಸುಮಾರಿಗೆ, ನಾನು ಗೋಡೆಯ ಕಡೆ ಮುಖ ಮಾಡಿ ಉಣ್ಣುತ್ತಿದ್ದೆ. ರೊಟ್ಟಿಯನ್ನು ಚೂರು ಮಾಡಿ ಬಿಸಿ ಸಾರಿನಲ್ಲಿ ನೆನೆಹಾಕಿ, ಅದು ಗಂಜಿಯಾಗುವವರೆಗೆ ಕಾಯ್ದು, ಎಡಗಡೆಯಿಂದ ಮೆಲ್ಲಗೆ ನುಂಗುತ್ತಿದ್ದೆ. ಬಲಗಡೆ ಒಂದು ಹಲ್ಲು ಉದುರಿ ಉದುರಿ ತಾನೇ ಮುಗಿದಿತ್ತು, ಇನ್ನೊಂದರ ಬರೀ ಬೇರು ಉಳಿದಿತ್ತು. ಶರಣಪ್ಪನ ಚೇಷ್ಟೆ ಬೇರೆ: "ಊರಿಗೆಲ್ಲ ರೊಟ್ಟಿ ಬಡಿಯಾಕಿ, ತಾನು ಅಂಬಲಿ ಕುಡಿತಾಳ ನೋಡ್ರಿ." ನೋವಾದಾಗ ಲವಂಗ, ಉಪ್ಪುನೀರು, ಮೆಡಿಕಲ್ ಶಾಪಿನ ಗುಳಿಗೆ. ಅತ್ತೆ ತಮ್ಮ ಮಿಶ್ರಿಯ ಡಬ್ಬಿಯನ್ನೇ ಮುಂದೆ ಹಿಡಿಯುತ್ತಿದ್ದರು. ಸುಟ್ಟ ತಂಬಾಕಿನ ಆ ಕರಿಪುಡಿಯನ್ನು ಅವರು ಮದುವೆಯಾದಾಗಿನಿಂದ ಹಲ್ಲಿಗೆ ತಿಕ್ಕುತ್ತ ಬಂದವರು. ಅದರ ವಾಸನೆಗೆ ನನಗೆ ತಲೆ ತಿರುಗುತ್ತಿತ್ತು, ಅಷ್ಟರಮಟ್ಟಿಗೆ ದೇವರು ದೊಡ್ಡವನು.

ಹೋದ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಎಡಗಡೆಯೂ ಕೈಕೊಟ್ಟಿತು. ಒಂದು ಮುಂಜಾನೆ ಎದ್ದರೆ ಎಡಗೆನ್ನೆ ಬಾಯಲ್ಲಿ ಉಂಡಿ ಇಟ್ಟುಕೊಂಡಂತೆ ಉಬ್ಬಿತ್ತು. ಬಾಯಿ ಒಂದು ಬೆರಳಿನಷ್ಟು ಮಾತ್ರ ತೆರೆಯುತ್ತಿತ್ತು. ಅವತ್ತೂ ರೊಟ್ಟಿ ಬಡಿದೆ. ದಿನಾ ಬರುವ ಖಜಾನೆ ಕಚೇರಿಯ ಗುಮಾಸ್ತರೊಬ್ಬರು, "ಅಕ್ಕಾರ, ಇವತ್ತ ನಿಮ್ಮ ಮಾತಿಲ್ಲ, ಊಟ ಬಾಯಿಗೆ ಹತ್ತವಲ್ದು" ಎಂದು ನಕ್ಕರು. ನಗಲಿಕ್ಕೆ ಹೋಗಿ ನನ್ನ ಕಣ್ಣಲ್ಲಿ ನೀರು ಬಂತು. ಬಲಗಡೆ ಹೋಗಿಯಾಗಿತ್ತು. ಇದೂ ಹೋದರೆ ಅಗಿಯಲಿಕ್ಕೆ ಬಾಯಲ್ಲಿ ಜಾಗವೇ ಇಲ್ಲ. ನಲವತ್ತಾರಕ್ಕೇ ಗಂಜಿಯ ಬದುಕು ಎಂದು ಎದೆ ಒಡೆದುಹೋಯಿತು.

ಅದೇ ಗುಮಾಸ್ತರು ಮಾದಾಪುರದ ಒಂದು ದೊಡ್ಡ ಕ್ಲಿನಿಕ್ಕಿನ ಹೆಸರು ಹೇಳಿದರು. ಮರುದಿನ ಶರಣಪ್ಪ ನನ್ನನ್ನು ಮೆಟ್ರೋ ಹತ್ತಿಸಿ, ಅಮೀರ್‌ಪೇಟೆಯಲ್ಲಿ ಗಾಡಿ ಬದಲಿಸಿ ಕರೆದೊಯ್ದ. ಅಲ್ಲಿ ಎಲ್ಲ ಗಾಜು. ಒಳಗೆ ಹೂವಿನ ವಾಸನೆ, ಕಾಫಿ ಮಷೀನು, ಗೋಡೆಯ ಟೀವಿಯಲ್ಲಿ ಬಿಳಿ ಹಲ್ಲು ಬಿಟ್ಟು ನಗುವ ಹುಡುಗಿಯರು. ನನ್ನ ಕಾಲಿನ ಬೆರಳು ಮಡಚಿಕೊಂಡೇ ಇದ್ದವು. ಎಕ್ಸರೇ ತೆಗೆದರು. ಎಡಗಡೆಯ ಹಲ್ಲಿಗೆ ಬೇರಿನ ಚಿಕಿತ್ಸೆ, ಮೇಲೊಂದು ಟೋಪಿ, ಬಲಗಡೆಗೆ ಎರಡು ಹೊಸ ಹಲ್ಲು ನೆಡುವುದು, ಉಳಿದ ಹುಳುಕಿಗೆಲ್ಲ ತೇಪೆ, ಎಲ್ಲಾ ಸೇರಿಸಿ ಒಂದು ಹಾಳೆ ಅಚ್ಚುಹಾಕಿ ಕೈಗಿತ್ತರು. ಶರಣಪ್ಪ ಅದನ್ನು ಕೆಳಗಿನ ಮೊತ್ತದ ತನಕ ಓದಿದ. ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ. "ಇಷ್ಟರಾಗ ಇನ್ನೊಂದು ಖಾನಾವಳಿ ತೆಗೀಬಹುದು" ಅಂದ.

ಈಗ ನಿಜ ಹೇಳುತ್ತೇನೆ. ಆ ಮೊತ್ತ ನೋಡಿ ನನಗೆ ಸಂತೋಷವಾಯಿತು. ಮನೆಗೆ ಬಂದು, "ಅಷ್ಟ ರೊಕ್ಕ ಎಲ್ಲಿಂದ ತರೂದು, ಬ್ಯಾಡ ಬಿಡ್ರಿ" ಎಂದು ಭಾಳ ತಿಳಿವಳಿಕೆಯವಳ ಹಾಗೆ ಹೇಳಿದೆ. ಹೆದರಿಕೆಗೆ ರೊಕ್ಕದ ಸೆರಗು ಹೊದಿಸಿ ಕೂರಿಸಿದ್ದೆ. ಹೆದರಿಕೆ ಎಂದರೆ ಜನ ನಗುತ್ತಾರೆ, ರೊಕ್ಕವಿಲ್ಲ ಎಂದರೆ ಹೌದೆನ್ನುತ್ತಾರೆ.

ಎರಡು ದಿನಕ್ಕೆ ಜ್ವರ ಬಂತು. ನೀರು ನುಂಗುವುದೂ ಕಷ್ಟವಾಯಿತು. ಜೋರಾಗಿ ಮಾತಾಡದ ಶರಣಪ್ಪ ಅವತ್ತು ಗಲ್ಲಾದ ಮುಂದೆಯೇ ಕೂಗಿದ: "ಸೂಜಿ ಆಗಿಬರಂಗಿಲ್ಲ, ರೊಕ್ಕ ಆಗಿಬರಂಗಿಲ್ಲ, ಮತ್ತ ನಿನಗ ಏನ್ ಆಗಿಬರ್ತೈತಿ? ಕೀವು ತಲಿಗೇರಿದ್ರ ನಾ ಏನ್ ಮಾಡ್ಲಿ?" ಅದನ್ನು ಕೇಳಿ ನಾನು ಎದ್ದೆ. ಅವನು ಖಾನಾವಳಿ ಬಿಟ್ಟು ಬರುವಂತಿರಲಿಲ್ಲ, ಅತ್ತೆ ನನ್ನ ಜೊತೆ ಹೊರಟರು.

ನಮ್ಮ ಓಣಿಯ ಕೊನೆಗೆ, ಟೇಲರ್ ಅಂಗಡಿಯ ಮೇಲೆ ಒಂದು ಹಲ್ಲಿನ ದವಾಖಾನೆ ಇದೆ. ಅಲ್ಲಿಯ ಡಾಕ್ಟರ್ ಸ್ವಪ್ನಾ ಝಹೀರಾಬಾದಿನ ಕಡೆಯವರು. ಅವರ ತಾಯಿಯ ತವರು ಬೀದರ್ ಜಿಲ್ಲೆ, ಹಾಗಾಗಿ ತೆಲುಗು ಮನೆಯಾದರೂ ಕನ್ನಡ ಬಾಯಲ್ಲಿ ಉಳಿದಿತ್ತು. ನಮ್ಮಿಂದ ಆಗಾಗ ರೊಟ್ಟಿ ಪಾರ್ಸಲ್ ತರಿಸುತ್ತಿದ್ದರು. ಎಷ್ಟೋ ಸಲ ಅವರ ಪಾರ್ಸಲ್ ಕಟ್ಟಿಕೊಟ್ಟ ನಾನು ಆ ಮೆಟ್ಟಿಲು ಮಾತ್ರ ಒಮ್ಮೆಯೂ ಹತ್ತಿರಲಿಲ್ಲ.

ಮೇಲೆ ಏಳು ಪ್ಲಾಸ್ಟಿಕ್ ಕುರ್ಚಿ, ಒಂದು ಫ್ಯಾನು. ಒಳಗಿನಿಂದ ಆ ಮಷೀನಿನ ಕೀರಲು ಸದ್ದು. ನಾನು ಎರಡು ಸಲ ಎದ್ದು ಮೆಟ್ಟಿಲ ತನಕ ಹೋಗಿ ವಾಪಸು ಬಂದೆ. ನಮ್ಮ ಅತ್ತೆಗೆ ಹೊತ್ತು ಹೋಗಬೇಕಲ್ಲ, ಪಕ್ಕದಲ್ಲಿ ಕೂತ ಹೆಂಗಸಿಗೆ ನಮ್ಮ ಹೈದರಾಬಾದಿ ಹಿಂದಿಯಲ್ಲಿ ಕಥೆ ಶುರು ಹಚ್ಚಿಕೊಂಡರು. ಸೂಜಿ, ಕಣ್ಣು ಮೇಲಾದದ್ದು, ಥಣ್ಣನೆಯ ಮೈ. ನಾಡಿ ನಿಂತಲ್ಲಿಗೆ ಬರುವಷ್ಟರಲ್ಲಿ ಆ ಹೆಂಗಸು ಚೀಲ ಎತ್ತಿಕೊಂಡು, ನಾಳೆ ಬರುತ್ತೇನೆಂದು ಕೆಳಗಿಳಿದುಬಿಟ್ಟಳು. ಅವಳ ಹಿಂದೆಯೇ ಇನ್ನೊಬ್ಬ ಎದ್ದ.

ಬಾಗಿಲಲ್ಲಿ ಡಾಕ್ಟರ್ ನಿಂತಿದ್ದರು. ಎಷ್ಟು ಹೊತ್ತಿನಿಂದ ಕೇಳುತ್ತಿದ್ದರೋ ಏನೋ. ಬೈಯುತ್ತಾರೆ ಎಂದುಕೊಂಡೆ. ಅವರು ಮಾಸ್ಕ್ ಇಳಿಸಿ, "ಅಜ್ಜೀ, ನನ್ನ ಪೇಶೆಂಟ್ ಎಲ್ಲಾ ಓಡಿಸಿದ್ರಿ. ಬರ್ರಿ ಒಳಗ, ಆ ಕಥಿ ನನಗೂ ಹೇಳ್ರಿ. ಮೊದಲಿಂದ, ಪೂರಾ" ಅಂದರು.

ನನ್ನನ್ನು ಆ ಕುರ್ಚಿಯಲ್ಲಿ ಕೂರಿಸಲಿಲ್ಲ. ಮೂವರೂ ಮೂಲೆಯ ಮೇಜಿನ ಸುತ್ತ ಕೂತೆವು. ಅತ್ತೆಗೆ ಅಂಥ ಕೇಳುಗರು ಸಿಕ್ಕಿದ್ದೇ ಮೊದಲು, ಸೆರಗು ಸರಿಮಾಡಿಕೊಂಡು ಹೇಳತೊಡಗಿದರು. ಡಾಕ್ಟರ್ ನಡುನಡುವೆ ನನ್ನನ್ನು ಕೇಳಿದರು: ಮೈಮೇಲೆ ದದ್ದು ಎದ್ದಿದ್ದವೇ, ತುರಿಕೆ ಇತ್ತೇ, ತುಟಿ ಬಾತಿತ್ತೇ, ಉಸಿರು ಕಟ್ಟಿತ್ತೇ. ಯಾವುದೂ ಇರಲಿಲ್ಲ. ಎಚ್ಚರ ಹೇಗಾಯಿತು ಎಂದರು. ಕಾಲು ಎತ್ತಿ ಮಲಗಿಸಿ, ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟ ಮೇಲೆ ಗ್ಲೂಕೋಸ್ ನೀರು ಕುಡಿಸಿದ್ದರು. ಆಟೋದಲ್ಲಿ ಮನೆಗೆ ಬಂದಿದ್ದೆ, ಸಂಜೆಗೆ ರೊಟ್ಟಿಯನ್ನೂ ಬಡಿದಿದ್ದೆ.

"ಸತ್ತಾಕಿ ಸಂಜಿಗೆ ರೊಟ್ಟಿ ಬಡದ್ಲು" ಎಂದು ಡಾಕ್ಟರ್ ನಕ್ಕರು. ಆಮೇಲೆ ನಗು ನಿಲ್ಲಿಸಿ ಕೇಳಿದರು, "ಅವತ್ತ ಏನು ಉಂಡಿದ್ರಿ ಅಕ್ಕಾ?"

ನನ್ನ ಬದಲು ಅತ್ತೆ ಹೇಳಿದರು: "ಉಣ್ಣೂದೇನ್ ಬಂತವ್ವಾ? ಶ್ರಾವಣ ಸೋಮವಾರ ಅದು. ಶಿವನ ವಾರ, ಏನೂ ಆಗಂಗಿಲ್ಲ, ಇವತ್ತ ಹೋಗೂಣು ಅಂತ ನಾನ ದಿನ ನೋಡಿ ಕರ್ಕೊಂಡು ಹೋಗಿದ್ದೆ. ಹಿಂದಿನ ದಿನ ಸಂಜಿಂದ ಬಾಯಾಗ ಹನಿ ನೀರು ಹಾಕಿದ್ದಿಲ್ಲ ಆಕಿ. ಭಾಳ ಕಟ್ಟುನಿಟ್ಟು ನಮ್ಮದು."

ಹೇಳಿ ಮುಗಿಸಿದ ಅತ್ತೆಯೇ ಡಾಕ್ಟರ ಮುಖ ನೋಡಿ, ತಿರುಗಿ ನನ್ನ ಮುಖ ನೋಡಿದರು. ನನಗೆ ಆ ಮುಂಜಾನೆ ಪೂರಾ ನೆನಪಿಗೆ ಬಂತು. ಹಬ್ಬದ ವಾರ ಗಿರಾಕಿ ಹೆಚ್ಚು. ಐದಕ್ಕೇ ಎದ್ದು, ಎಸರು ಕಾಯಿಸಿ, ಖಾಲಿ ಹೊಟ್ಟೆಯಲ್ಲಿ ಬೆಂಕಿಯ ಮುಂದೆ ಕೂತು ನೂರು ರೊಟ್ಟಿ ಬಡಿದು, ಹೆದರಿಕೆಯಿಂದ ಬೆವರುತ್ತ ಆ ಕುರ್ಚಿ ಹತ್ತಿದ್ದೆ. ಅದನ್ನು ಹನ್ನೊಂದು ವರ್ಷದಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ನಮ್ಮ ಮನೆಯಲ್ಲಿ ಸೋಮವಾರ ಉಣ್ಣದಿರುವುದು ಹೇಳುವಂಥ ಸಂಗತಿಯೇ ಅಲ್ಲ.

"ನಾ ಅವತ್ತ ಅಲ್ಲಿ ಇದ್ದಿಲ್ಲ, ಖಾತ್ರಿ ಹೇಳಂಗಿಲ್ಲ" ಎಂದರು ಡಾಕ್ಟರ್. "ಆದ್ರ ಇದು ಸೂಜಿದಲ್ಲ, ಹಸಿವಿಂದು, ಹೆದರಿಕಿದು ಅನಸ್ತೈತಿ. ಬಿ.ಪಿ., ಶುಗರ್ ನೋಡೂಣು. ಮೊದ್ಲು ಒಂದ್ ಚೂರು ಕೊಟ್ಟು ಪರೀಕ್ಷಾ ಮಾಡೂಣು. ಈಗ ಐದು ದಿನ ಗುಳಿಗಿ ತಗೋರಿ, ಬಾವು ಇಳೀಲಿ. ಆಮ್ಯಾಲ ಬರ್ರಿ. ಹೊಟ್ಟಿ ತುಂಬ ಉಂಡು ಬರ್ರಿ. ಉಪವಾಸ ಬಂದ್ರ ನಾ ಮುಟ್ಟಂಗಿಲ್ಲ."

ಇಂಥ ಮಾತು ಕೇಳಿದವರು ಹಗುರಾಗಬೇಕು. ನನಗೆ ಸಿಟ್ಟು ಬಂತು. ಹನ್ನೊಂದು ವರ್ಷ! ಎಷ್ಟು ಹಬ್ಬದ ಉಂಡಿ, ಎಷ್ಟು ಶೇಂಗಾ, ಎಷ್ಟು ಕಬ್ಬಿನ ಗಣಿಕೆ ನನ್ನ ಮುಂದೆ ಹಾದುಹೋಗಿದ್ದವು. ಮೆಟ್ಟಿಲಿಳಿಯುತ್ತ ಅತ್ತೆಯ ಮುಖ ನೋಡಿದೆ. ಸದಾ ಮಾತಾಡುವ ಮುದುಕಿ ಕೈಹಿಡಿಕೆಯನ್ನು ಬಿಗಿಯಾಗಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿಯುತ್ತಿತ್ತು. ಆಮೇಲೆ ಐದು ದಿನ ನನ್ನೊಡನೆ ಕೆಲಸಕ್ಕೆ ತಕ್ಕಷ್ಟೇ ಮಾತು. ನಾನೂ ಮಾತಾಡಿಸಲಿಲ್ಲ.

ಗುಳಿಗೆಗೆ ಬಾವು ಇಳಿಯಿತು. ಹನ್ನೊಂದೂವರೆಗೆ ಬರಲು ಹೇಳಿದ್ದರು. ಹಾಗಾದರೆ ಹತ್ತೂವರೆಗೆ ಉಣ್ಣಬೇಕು, ಗಿರಾಕಿಗಳಿಗಿಂತ ಮೊದಲು. ನಿಮಗೆ ಇದರಲ್ಲೇನಿದೆ ಅನ್ನಿಸಬಹುದು. ಆ ಮನೆಗೆ ಬಂದು ಇಪ್ಪತ್ತೈದು ವರ್ಷದಲ್ಲಿ ಹಂಚಿನ ಮುಂದೆ ಕೂತವಳು ಮೊದಲು ಉಂಡದ್ದನ್ನು ನಾನು ನೋಡಿಲ್ಲ. ಮೊದಲ ರೊಟ್ಟಿ ಆಕಳಿಗೆ ಎತ್ತಿಡುತ್ತೇವೆ, ಆಮೇಲೆ ಗಿರಾಕಿ, ಆಮೇಲೆ ಗಂಡಸರು, ಉಳಿದರೆ ನಾವು. ನಾನು ಹಿಟ್ಟು ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದೆ. ನನಗಾಗಿ ಬಡಿದುಕೊಳ್ಳಲು ಕೈ ಬರುತ್ತಿರಲಿಲ್ಲ.

"ಅತ್ಲಾಗ ಸರಿ" ಎಂದು ಅತ್ತೆ ಬಂದರು. ಮೊಣಕಾಲು ನೋವೆಂದು ಹಂಚಿನ ಮುಂದೆ ಕೂರುವುದನ್ನು ಬಿಟ್ಟು ಹನ್ನೆರಡು ವರ್ಷವಾಗಿತ್ತು. ಮುಲುಕುತ್ತ ಕೂತು, ಹಿಟ್ಟು ನಾದಿ, ಎರಡು ರೊಟ್ಟಿ ಬಡಿದರು. ಕೈ ಇನ್ನೂ ಪಳಗಿದ್ದೇ, ಅಂಚು ಎಲ್ಲೂ ಸೀಳಲಿಲ್ಲ. ಬಿಸಿ ಬೇಳೆಯಲ್ಲಿ ತಾವೇ ಮುರಿದು ನೆನೆಸಿ, ತಟ್ಟೆ ನನ್ನ ಮುಂದಿಟ್ಟರು. "ಮದ್ಲ ನೀ ಉಣ್ಣು" ಅಂದರು. ತಪ್ಪಾಯಿತು ಎನ್ನಲಿಲ್ಲ. ಅವರು ಯಾರಿಗೂ ಹಾಗೆಂದದ್ದು ನನಗೆ ನೆನಪಿಲ್ಲ. ಹೊರಗೆ ಇಬ್ಬರು ಗಿರಾಕಿ ಆಗಲೇ ಬಂದು ನಿಂತಿದ್ದರು. ಶರಣಪ್ಪ ಅವರನ್ನು ಮಾತಿಗೆ ಹಚ್ಚಿದ. ನಾನು ಅಳುತ್ತ ಉಂಡೆ. ಐದು ದಿನದ ಸಿಟ್ಟು ಅಲ್ಲಿಗೆ ಮುಗಿಯಿತು.

ಕುರ್ಚಿಯಲ್ಲಿ ಕೂತಾಗ ಮಾತ್ರ ನನ್ನ ಕಣ್ಣು ಬಾಗಿಲ ಕಡೆಗೇ ಹೋಯಿತು. ಕಾರಣ ತಿಳಿದ ಮಾತ್ರಕ್ಕೆ ಹೆದರಿಕೆ ಹೋಗುವುದಿಲ್ಲ. ಡಾಕ್ಟರ್ ಹೇಳಿದರು, "ಎಡಗೈ ಎತ್ತಿದ್ರ ನಾ ನಿಲ್ಲಸ್ತೀನಿ. ಯಾಕ ಅಂತ ಕೇಳಂಗಿಲ್ಲ." ಎಷ್ಟು ಹೊತ್ತು ಹಿಡಿಯುತ್ತದೆ ಎಂದೆ. ನಲವತ್ತು ನಿಮಿಷ ಎಂದರು. ನಿಮಿಷ ನನಗೆ ತಲೆಗೆ ಹತ್ತುವುದಿಲ್ಲ, ಎಷ್ಟು ರೊಟ್ಟಿ ಹೇಳ್ರಿ ಎಂದೆ. ಅವರು ಒಂದು ಗಳಿಗೆ ಯೋಚಿಸಿ, "ಸೂಜಿ ಅರ್ಧಾ ರೊಟ್ಟಿ. ಉಳಿದದ್ದು ಮೂವತ್ತು" ಅಂದರು.

ಸೂಜಿ ಅರ್ಧ ರೊಟ್ಟಿಯಷ್ಟೇ ಆಯಿತು. ಅವರು ಮೊದಲು ಚೂರು, ಕಾಯ್ದು ನೋಡಿ ಉಳಿದದ್ದು ಕೊಟ್ಟರು. ನಾನು ಕಣ್ಣು ಮುಚ್ಚಿ ಸಾಯುವುದನ್ನು ಕಾಯುತ್ತ ಮಲಗಿದೆ. ತುಟಿ ದಪ್ಪವಾದಂತೆ ಅನ್ನಿಸಿತು, ನಾಲಿಗೆ ಜೋಮು ಹಿಡಿಯಿತು. ಅಷ್ಟೇ. ಸಾವು ಬರಲಿಲ್ಲ. ಮಷೀನು ಶುರುವಾದಾಗ ಎಡಗೈ ಎತ್ತಿದೆ. ನಿಂತಿತು. ಮತ್ತೆ ಶುರುವಾಯಿತು, ಮತ್ತೆ ಎತ್ತಿದೆ, ಮತ್ತೆ ನಿಂತಿತು. ಮೂರನೆಯ ಸಲ ಡಾಕ್ಟರ್, "ಅಕ್ಕಾ, ನೂಸಾಕತ್ತೈತೋ, ಇಲ್ಲಾ ನನ್ನ ಪರೀಕ್ಷಾ ಮಾಡಾಕತ್ತೀರೋ?" ಎಂದರು. ನನಗೆ ನೋವೇನೂ ಇರಲಿಲ್ಲ. ಎತ್ತಿದರೆ ನಿಲ್ಲುತ್ತದೆ ಎಂದು ಖಾತ್ರಿಯಾದ ಮೇಲೆ ಕೈ ಮಡಿಲಲ್ಲಿಟ್ಟು ಮನಸ್ಸಿನಲ್ಲಿ ರೊಟ್ಟಿ ಬಡಿಯತೊಡಗಿದೆ. ಇಪ್ಪತ್ತೆಂಟಕ್ಕೆ ಬರುವಷ್ಟರಲ್ಲಿ ಅವತ್ತಿನ ಕೆಲಸ ಮುಗಿದಿತ್ತು.

ಮೂರು ಸಲ ಹೋದೆ. ಎರಡನೆಯ ಸಲ ಮೆಟ್ಟಿಲ ಬುಡದಲ್ಲಿ ವಾಂತಿಯಾಗಿ, ಟೇಲರ್ ನೀರು ಕೊಟ್ಟ. ಮನೆಗೆ ಹೋಗಿ, ಇನ್ನೊಂದು ರೊಟ್ಟಿ ಉಂಡು ವಾಪಸು ಬಂದೆ. ರೊಕ್ಕದ ಮಾತನ್ನೂ ಡಾಕ್ಟರ ಜೊತೆ ಮುಚ್ಚುಮರೆಯಿಲ್ಲದೆ ಆಡಿದೆ. ಯಾವುದು ಈಗಲೇ ಆಗಬೇಕು, ಯಾವುದು ಕಾಯಬಹುದು ಎಂದು ಕೇಳಿದರೆ ಅವರು ಬೇಸರಿಸಲಿಲ್ಲ. ಎಡಗಡೆಯದು ಈಗ, ಹುಳುಕಿನ ತೇಪೆ ದೀಪಾವಳಿ ಕಳೆದ ಮೇಲೆ, ಬಲಗಡೆಯ ಖಾಲಿ ಜಾಗ ಕೈಯಲ್ಲಿ ಕಾಸಾದಾಗ. ಟೋಪಿಗೆ ಬಿಳಿಯದರ ಬದಲು ಲೋಹದ್ದು ಸಾಕೆಂದೆ, ಹಿಂದಿನ ಹಲ್ಲು ಯಾರು ನೋಡುತ್ತಾರೆ? ಒಂದೊಂದು ಸಲ ಹೋದಾಗಲೂ ಅಷ್ಟಷ್ಟೇ ಕೊಟ್ಟೆವು. ಇನ್ನೊಂದು ಖಾನಾವಳಿ ತೆಗೆಯುವಷ್ಟೇನೂ ಆಗಲಿಲ್ಲ.

ಟೋಪಿ ಹಾಕಿಸಿಕೊಂಡ ಎರಡು ದಿನಕ್ಕೆ ಕಡಕ್ ರೊಟ್ಟಿಯ ಒಂದು ಚೂರನ್ನು ಶೇಂಗಾ ಚಟ್ನಿ ಹಚ್ಚಿ ಬಾಯಿಗಿಟ್ಟೆ. ಕಟಂ ಎಂದಿತು. ನನ್ನ ಬಾಯೊಳಗಿಂದ ಆ ಸದ್ದು ಬಂದು ಎಷ್ಟೋ ವರ್ಷವಾಗಿತ್ತು. ಗಲ್ಲಾದ ಮೇಲಿಂದ ಶರಣಪ್ಪ ತಿರುಗಿ ನೋಡಿದ. ಇನ್ನೊಂದು ಚೂರು ಕಡಿದು ಅವನಿಗೆ ಕೇಳಿಸಿದೆ.

ಈಗಲೂ ಆ ಮೆಟ್ಟಿಲು ಹತ್ತುವಾಗ ನನ್ನ ಅಂಗೈ ಬೆವರುತ್ತದೆ. ದವಡೆ ಹಿಡಿದುಕೊಂಡು ಬರುವ ಗಿರಾಕಿಯನ್ನು ಕಂಡರೆ ಮಾತ್ರ ಬಿಡುವುದಿಲ್ಲ. ಹೋದ ತಿಂಗಳು ಗಾರೆ ಕೆಲಸದವನೊಬ್ಬ ನೋವಿನ ಗುಳಿಗೆ ನುಂಗಿ ನುಂಗಿ ಹೊಟ್ಟೆ ಕೆಡಿಸಿಕೊಂಡಿದ್ದ. ಅವನಿಗೆ ಉಣ್ಣಲಿಕ್ಕೆ ಹಾಕಿ, ಮೇಲೆ ಕರೆದೊಯ್ದು, ಎಡಗೈ ಎತ್ತುವುದನ್ನು ಹೇಳಿಕೊಟ್ಟು ಬಂದೆ.

ಇನ್ನು ನಮ್ಮ ಅತ್ತೆ. ಅವರು ಆ ಕಥೆ ಹೇಳುವುದನ್ನು ಬಿಟ್ಟಿದ್ದಾರೆ. ಮಿಶ್ರಿ ಡಬ್ಬಿ ಬಿಟ್ಟಿರಲಿಲ್ಲ. ಈ ಶ್ರಾವಣದಲ್ಲಿ ಅವರ ಮುಂದಿನ ಹಲ್ಲೊಂದು ಅಲ್ಲಾಡಿ, ವಸಡು ಊದಿ ಕೀವಾಯಿತು. ಎರಡು ದಿನ ಯಾರಿಗೂ ಹೇಳಲಿಲ್ಲ. ಮೂರನೆಯ ದಿನ, ಸೋಮವಾರ, ನಾನು ಎಸರಿಟ್ಟು ಹಿಟ್ಟು ನಾದುತ್ತಿದ್ದೆ. ಅತ್ತೆ ಹೊರಗೆ ಹೋಗುವ ಇಳಕಲ್ ಸೀರೆ ಉಟ್ಟು, ವಿಭೂತಿ ಹಚ್ಚಿಕೊಂಡು ಬಂದು, ಗೋಡೆ ಹಿಡಿದು ಹಂಚಿನ ಮುಂದೆ ಕೂತರು. ಗದ್ದ ಊದಿತ್ತು.

"ಎರಡ ರೊಟ್ಟಿ ಹಾಕು. ಮೆತ್ತಗಿರ್ಲಿ" ಅಂದರು. "ಡಾಕ್ಟರವ್ವನ ಕಡೆ ಹೋಗೂಣು."

"ಅತ್ತಿ, ಇವತ್ತ ಸೋಮವಾರ ಐತ್ರಿ. ನಾಳೆ ಹೋದ್ರ ನಡಿಯಂಗಿಲ್ಲೇನ್ರಿ?"

"ಶಿವಾ ನಾಳಿತನಕ ಕಾಯ್ತಾನ. ಹಲ್ಲು ಕಾಯವಲ್ದು." ಅವರು ನನ್ನ ಮುಖ ನೋಡಲಿಲ್ಲ, ಹಂಚನ್ನೇ ನೋಡುತ್ತಿದ್ದರು. "ಅವತ್ತ ನಿನಗೂ ಹಿಂಗ ಹೇಳಬೇಕಿತ್ತು ನಾನು."

ಆಕಳಿಗೆ ಎತ್ತಿಟ್ಟ ಮೇಲೆ ಎರಡು ರೊಟ್ಟಿ ಬಡಿದು, ಹಾಲಿನಲ್ಲಿ ಮುರಿದು ಕೊಟ್ಟೆ. ಐವತ್ತು ವರ್ಷದಿಂದ ಒಂದು ಶ್ರಾವಣ ಸೋಮವಾರವನ್ನೂ ತಪ್ಪಿಸದ ಹೆಂಗಸು ಕಣ್ಣು ಮುಚ್ಚಿ ಕೈಮುಗಿದು, ಮೊದಲ ತುತ್ತು ಬಾಯಿಗಿಟ್ಟುಕೊಂಡರು. ಬಾಗಿಲಲ್ಲಿ ಗಿರಾಕಿಯ ದನಿ ಕೇಳಿತು. ತಡೀರಿ ಎಂದು ಕೂಗಿ ಹೇಳಿ, ನಾನು ಇನ್ನೊಂದು ರೊಟ್ಟಿ ಬಡಿದೆ. ಅದನ್ನು ಅವರ ಪಕ್ಕದಲ್ಲಿ ಕೂತು, ಆ ಸೋಮವಾರ ನಾನೂ ಉಂಡೆ.